ಬ್ರೆಡ್ ಮನೆಯಲ್ಲಿ ಮಾಡಿದರೆ ನಿಜಕ್ಕೂ ದುಡ್ಡು ಉಳಿಯುತ್ತಾ?

ಮನೆಯಲ್ಲೇ ಬ್ರೆಡ್ ಮಾಡಿದರೆ ಅರ್ಧಕ್ಕರ್ಧ ಉಳಿತಾಯ ಅಂತ ಹೇಳುವವರು ಸಾಮಾನ್ಯವಾಗಿ ಹಿಟ್ಟಿನ ಲೆಕ್ಕ ಮಾತ್ರ ಹೇಳುತ್ತಾರೆ. ಕರೆಂಟಿನ ಮಾತೇ ಎತ್ತುವುದಿಲ್ಲ. ನಾನು ಮನೆಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಡುವವಳು, ಹಾಗಾಗಿ ಬ್ರೆಡ್ಡಿಗೂ ಒಂದು ಪುಟ ಇದೆ. ಆ ಪುಟ ನೋಡಿದರೆ, ಸಾದಾ ಬಿಳಿ ಬ್ರೆಡ್ಡನ್ನು ಅಗ್ಗಕ್ಕೆ ಕೊಂಡು ಫ್ರೀಜರಿಗೆ ಹಾಕುವುದೇ ವಾಸಿ. ಇಡೀ ಗೋಧಿ ಹಿಟ್ಟಿನದು, ಎಳ್ಳು-ಬೀಜ ಹಾಕಿದ್ದು ಬೇಕು ಅಂದರೆ ಮಾತ್ರ ಮನೆಯಲ್ಲಿ ಮಾಡಿದ್ದು ಗಿಟ್ಟುತ್ತದೆ. ಅದೂ ಒಟ್ಟಿಗೆ ಎರಡು ಮಾಡಿದರೆ.

ಮೊದಲು ಹಿಟ್ಟಿನ ಲೆಕ್ಕ. ಒಂದು ಕಿಲೋ ಹಿಟ್ಟು, 650 ಗ್ರಾಂ ನೀರು, 20 ಗ್ರಾಂ ಉಪ್ಪು, 10 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಇಡೀ ಗೋಧಿಯಾದರೆ ನೀರು ಇನ್ನೂ ಸ್ವಲ್ಪ ಜಾಸ್ತಿ ಬೇಕು. ಬೇಯುವಾಗ ಒಂದಿಷ್ಟು ನೀರು ಆವಿಯಾಗಿ ಹೋದರೂ ಕೊನೆಗೆ ಒಂದೂವರೆ ಕಿಲೋದ ಹತ್ತಿರ ಬ್ರೆಡ್ ಕೈಗೆ ಬರುತ್ತದೆ. ಅಂದರೆ ಸುಮಾರು ಮೂರನೇ ಒಂದು ಭಾಗ ನಾವು ಸುರಿದ ನೀರೇ! ಅಂಗಡಿಯಲ್ಲಿ ಆ ನೀರಿಗೂ ದುಡ್ಡು ಕೊಡುತ್ತೇವೆ ಅಲ್ವಾ. ಇಲ್ಲಿಯವರೆಗೆ ಮನೆಯದೇ ಗೆಲ್ಲುತ್ತದೆ.

ಯೀಸ್ಟಿನಲ್ಲಿ ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಏಳು ಗ್ರಾಂ ಪುಟ್ಟ ಪೊಟ್ಟಣಗಳನ್ನು ಗ್ರಾಂ ಲೆಕ್ಕಕ್ಕೆ ಇಳಿಸಿ ದೊಡ್ಡ ಪ್ಯಾಕಿನ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ದೊಡ್ಡ ಪ್ಯಾಕ್ ತಂದು ಗಾಳಿಯಾಡದ ಡಬ್ಬಿಗೆ ಸುರಿದು ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಣ ಚಮಚದಲ್ಲಿ ತೆಗೆಯಬೇಕು ಅಷ್ಟೇ. ಸಂಶಯ ಬಂದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಚೂರು ಯೀಸ್ಟ್ ಹಾಕಿಡಿ. ಹತ್ತು ನಿಮಿಷದಲ್ಲಿ ನೊರೆ ಬಂದರೆ ಜೀವ ಇದೆ ಅಂತ.

ಯೀಸ್ಟನ್ನೇ ಕಡಿಮೆ ಮಾಡುವ ದಾರಿಯೂ ಇದೆ. ನ್ಯೂಯಾರ್ಕಿನ ಬೇಕರ್ ಜಿಮ್ ಲಾಹಿ ಅವರ ನಾದದೆ ಮಾಡುವ ಬ್ರೆಡ್ 2006ರಲ್ಲಿ ಪತ್ರಿಕೆಯಲ್ಲಿ ಬಂದು ದೊಡ್ಡ ಹೆಸರು ಮಾಡಿತು. ಒಂದು ಬ್ರೆಡ್ಡಿಗೆ ಕಾಲು ಚಮಚ ಯೀಸ್ಟ್ ಸಾಕು. ಹಿಟ್ಟನ್ನು ನೀರಾಗಿಯೇ ಕಲಸಿ 12ರಿಂದ 18 ಗಂಟೆ ಮುಚ್ಚಿಟ್ಟರೆ ನಾದುವ ಕೆಲಸವನ್ನು ಹೊತ್ತೇ ಮಾಡಿ ಮುಗಿಸುತ್ತದೆ. ಬೇಯಿಸುವುದು ಮುಚ್ಚಳವಿರುವ ದಪ್ಪ ತಳದ ಪಾತ್ರೆಯಲ್ಲಿ. ರಾತ್ರಿ ಮಲಗುವ ಮುಂಚೆ ಕಲಸಿಟ್ಟರೆ ಆಯಿತು. ನಮ್ಮಕ್ಕ ಮಾತ್ರ ಒಪ್ಪುವುದಿಲ್ಲ. "ನಿನ್ನ ಕೂಲಿ ಯಾರು ಲೆಕ್ಕ ಹಾಕ್ತಾರೆ ಕಣೇ?" ಅಂತ ಕೇಳುತ್ತಾಳೆ. ಕೈ ಹಿಟ್ಟಿನಲ್ಲಿರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ, ಮಿಕ್ಕಿದ್ದೆಲ್ಲ ಯೀಸ್ಟಿನ ಕೂಲಿ ಅಂತ ನನ್ನ ವಾದ.

ಆದರೆ ಓವನ್ ವಿಷಯಕ್ಕೆ ಬಂದರೆ ಅಕ್ಕನ ಮಾತಿನಲ್ಲಿ ಹುರುಳಿದೆ. 2000 ವಾಟ್‌ನ ಓವನ್ ಕಾಯಲು ಕಾಲು ಗಂಟೆ, 220 ಡಿಗ್ರಿಯಲ್ಲಿ ಬ್ರೆಡ್ ಬೇಯಲು ಮುಕ್ಕಾಲು ಗಂಟೆ. ಬಿಸಿಯಾದ ಮೇಲೆ ಅದು ತಾನೇ ಆಫ್ ಆಗಿ ಆನ್ ಆಗುತ್ತಿರುತ್ತದೆ, ಹಾಗಾಗಿ ಪೂರ್ತಿ ಎರಡು ಯೂನಿಟ್ ಸುಡುವುದಿಲ್ಲ. ಒಂದು, ಒಂದೂವರೆ ಯೂನಿಟ್ ಅಂತಿಟ್ಟುಕೊಳ್ಳಿ. ಇಡೀ ಖರ್ಚು ಒಂದೇ ಬ್ರೆಡ್ಡಿನ ತಲೆಗೆ ಬಿದ್ದರೆ ಹಿಟ್ಟಿನಲ್ಲಿ ಉಳಿಸಿದ್ದೆಲ್ಲ ಮೀಟರಿಗೆ ಹೋಗುತ್ತದೆ. ಎರಡು ಪಕ್ಕಪಕ್ಕ ಇಟ್ಟರೂ ಕರೆಂಟು ಹೆಚ್ಚುಕಡಿಮೆ ಅಷ್ಟೇ. ಹೊರಗೆ ತೆಗೆದ ಮೇಲೆ ಇನ್ನೂ ಬಿಸಿ ಇರುವ ಓವನ್‌ಗೆ ಹಳೆ ಬ್ರೆಡ್ಡಿನ ಚೂರುಗಳನ್ನು ಹಾಕಿ ಒಣಗಿಸುತ್ತೇನೆ. ಬಿಟ್ಟಿ ಶಾಖ, ಬಿಡುವುದ್ಯಾಕೆ?

ಬ್ರೆಡ್ ಮಾಡುವ ಮಿಷನ್‌ಗೆ ಓವನ್‌ಗಿಂತ ಕರೆಂಟು ಬಹಳ ಕಡಿಮೆ ಸಾಕು, ಕಾಯಿಸಬೇಕಾದ ಜಾಗ ಚಿಕ್ಕದು. ಆದರೆ ಹೊಸದನ್ನು ಕೊಂಡರೆ ಅದರ ಬೆಲೆ ವಾಪಸ್ ಬರಲು ತುಂಬಾ ಬ್ರೆಡ್ ತಿನ್ನಬೇಕಾಗುತ್ತದೆ. ಯಾರಾದರೂ ಹುಮ್ಮಸ್ಸಿನಲ್ಲಿ ಕೊಂಡು ಅಟ್ಟಕ್ಕೆ ಹಾಕಿದ್ದು ಸಿಕ್ಕರೆ ತೆಗೆದುಕೊಳ್ಳಿ.

ಇನ್ನು ಸಾದಾ ಬಿಳಿ ಬ್ರೆಡ್. ಅದರಲ್ಲಿ ಕಾರ್ಖಾನೆಯ ಜೊತೆ ಪೈಪೋಟಿಗೆ ಇಳಿಯಬಾರದು. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ಒಂದು ವಿಧಾನ ಕಂಡುಹಿಡಿದರು. ಹಿಟ್ಟನ್ನು ಕೆಲವೇ ನಿಮಿಷ ಭಾರೀ ವೇಗದಲ್ಲಿ ಕಡೆದುಬಿಟ್ಟರೆ ಗಂಟೆಗಟ್ಟಲೆ ಉಬ್ಬಲು ಕಾಯಬೇಕಿಲ್ಲ. ಕಾರ್ಖಾನೆಗೆ ಹೊತ್ತು ಅಂದರೆ ದುಡ್ಡು, ಹೊತ್ತು ಉಳಿಯಿತು, ಬ್ರೆಡ್ ಅಗ್ಗವಾಯಿತು. ಅವರ ಹಿಟ್ಟಿನ ಬೆಲೆಯೂ ನಮ್ಮ ಚಿಲ್ಲರೆ ಬೆಲೆಯಲ್ಲ. ರುಚಿ ಬೇರೆ ಮಾತು, ನನಗೆ ಅದು ಹತ್ತಿಯ ಹಾಗೆ ಅನಿಸುತ್ತದೆ.

ಕೊಳ್ಳುವಾಗ ಪ್ಯಾಕಿನ ಗಾತ್ರ ನೋಡಬೇಡಿ, ಬ್ರೆಡ್ಡಿನಲ್ಲಿ ಗಾಳಿ ಜಾಸ್ತಿ. ನೂರು ಗ್ರಾಮಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಕಂದು ಬಣ್ಣಕ್ಕೂ ಮರುಳಾಗಬೇಡಿ, ಕೆಲವದರಲ್ಲಿ ಆ ಬಣ್ಣ ಬರುವುದು ಕ್ಯಾರಮೆಲ್‌ನಿಂದ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಹೆಸರೇ ಮೈದಾ ಆಗಿದ್ದರೆ ಗೋಧಿ ಬ್ರೆಡ್ ಅಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ತಾರೀಖು ಹತ್ತಿರವಾದವು ಕಡಿಮೆಗೆ ಸಿಗುವುದುಂಟು. ನಾನು ಅಂಥವನ್ನೇ ಆರಿಸಿ ತರುತ್ತೇನೆ, ಹೇಗೂ ಅವತ್ತೇ ಫ್ರೀಜರಿಗೆ ಹೋಗುತ್ತವೆ.

ಫ್ರೀಜರ್ ಅಂದೆ, ಫ್ರಿಜ್ ಅಲ್ಲ. ಬ್ರೆಡ್ ಬಿರುಸಾಗುವುದು ಬರೀ ಒಣಗಿದ್ದರಿಂದ ಅಲ್ಲ. ಬೆಂದಾಗ ನೀರು ಕುಡಿದು ಮೆತ್ತಗಾದ ಪಿಷ್ಟ, ತಣಿದ ಮೇಲೆ ನಿಧಾನವಾಗಿ ಮತ್ತೆ ಗಟ್ಟಿ ಕಟ್ಟುತ್ತದೆ. ಫ್ರಿಜ್ಜಿನ ತಣ್ಪಿನಲ್ಲಿ ಈ ಕೆಲಸ ಹೊರಗಿಗಿಂತ ಬೇಗ ನಡೆಯುತ್ತದೆ. ಬೂಷ್ಟು ತಡವಾಗಿ ಬರುತ್ತದೆ ನಿಜ, ಆದರೆ ಬ್ರೆಡ್ ಬೇಗ ಬಿರುಸಾಗುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಆ ಆಟ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮನೆಯಲ್ಲಿ ಮಾಡಿದ್ದನ್ನು ಪೂರ್ತಿ ಆರಿದ ಮೇಲೆ ಹೋಳು ಮಾಡಿ, ಗಾಳಿ ಹೊಗದಂತೆ ಕಟ್ಟಿ ಇಡುತ್ತೇನೆ. ಬೇಕಾದಷ್ಟೇ ಹೋಳು ತೆಗೆದು ನೇರ ಟೋಸ್ಟರಿಗೆ. ಬಿಸಿ ತಗುಲಿದರೆ ಪಿಷ್ಟ ಮತ್ತೆ ಮೆತ್ತಗಾಗುತ್ತದೆ, ಅದಕ್ಕೇ ನಿನ್ನೆಯ ಬ್ರೆಡ್ ಟೋಸ್ಟ್ ಮಾಡಿದಾಗ ಹೊಸದರ ಹಾಗಿರುವುದು. ನನ್ನ ಪುಟದಲ್ಲಿ ಖರ್ಚು ಇಳಿದದ್ದು ಹೆಚ್ಚಾಗಿ ಇಲ್ಲೇ. ಅರ್ಧ ಪ್ಯಾಕ್ ಕಸಕ್ಕೆ ಹೋಗುವ ಮನೆಯಲ್ಲಿ ಎಷ್ಟು ಅಗ್ಗಕ್ಕೆ ತಂದರೂ ದುಬಾರಿಯೇ.

ಬಿರುಸಾದದ್ದನ್ನು ಎಸೆಯಬೇಕಿಲ್ಲ. ಒಣಗಿಸಿ ಮಿಕ್ಸಿಗೆ ಹಾಕಿದರೆ ಕ್ರಂಬ್ಸ್ ಆಗುತ್ತದೆ, ಅದನ್ನು ಪ್ಯಾಕಿನಲ್ಲಿ ಕೊಳ್ಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಬೂಷ್ಟು ಬಂದದ್ದನ್ನು ಮಾತ್ರ ಪೂರ್ತಿ ಎಸೆಯಿರಿ. ಮೇಲಿನ ಹಸಿರು ಕಿತ್ತು ಮಿಕ್ಕಿದ್ದು ತಿನ್ನುವ ಉಳಿತಾಯ ಬೇಡ. ಮೆತ್ತಗಿನ ಬ್ರೆಡ್ಡಿನೊಳಗೆ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತವೆ.