ಹೊಂಗೆಯ ನೆರಳಿನ ಜಾರುಬಂಡೆ

ಇವತ್ತು ಪಾಂಡವಪುರದ ಮಾವನವರ ಮನೆಯಿಂದ ತೊಣ್ಣೂರು ಕೆರೆಗೆ ಹೋಗಿದ್ದೆವು. ಸುತ್ತ ಬೆಟ್ಟ, ನಡುವೆ ತಿಳಿನೀರು. ನನಗೆ ಕಣ್ಣು ಕೀಳಲಾಗಲಿಲ್ಲ, ಮಗಳಿಗೆ ಹತ್ತೇ ನಿಮಿಷಕ್ಕೆ ಸಾಕಾಯಿತು.

"ಅಪ್ಪಾ, ಜಾರುಬಂಡೆ ಎಲ್ಲಿದೆ?"

ಹುಡುಕುತ್ತಾ ಹೊರಟೆವು. ಒಂದು ಕಡೆ ಗೇಟಿಗೆ ಬೀಗ. ಇನ್ನೊಂದು ಕಡೆ ತಗಡಿನ ಜಾರುಬಂಡೆ, ಹನ್ನೊಂದು ಗಂಟೆಯ ಬಿಸಿಲಿಗೆ ದೋಸೆ ಕಾವಲಿಯಂತೆ ಕಾದಿತ್ತು. ಅಂಗೈ ಇಟ್ಟು ನೋಡಿ, ಮಗಳನ್ನು ಎತ್ತಿಕೊಂಡು ಹಿಂದಿರುಗಿದೆ.

ಕೊನೆಗೆ ಸಿಕ್ಕಿದ್ದು ದಾರಿಬದಿಯ ಪುಟ್ಟ ಶಾಲೆಯ ಅಂಗಳ. ಸಿಮೆಂಟಿನ ಜಾರುಬಂಡೆ, ಅದರ ಮೇಲೆ ಕೊಡೆ ಹಿಡಿದಂತೆ ಹೊಂಗೆ ಮರ. ಎಷ್ಟು ವರ್ಷದ ಮಕ್ಕಳು ಜಾರಿದ್ದರೋ, ನಡುವಿನ ಪಟ್ಟಿ ಸವೆದು ಸವೆದು ನುಣುಪಾಗಿ ಹೊಳೆಯುತ್ತಿತ್ತು. ಮುಟ್ಟಿದರೆ ತಣ್ಣಗೆ. ಕೆಳಗೆ ಯಾರೋ ಪುಣ್ಯಾತ್ಮರು ಮರಳು ಸುರಿಸಿದ್ದರು. ಮಗಳು ಮುಗ್ಗರಿಸಿ ಬಿದ್ದಳು, ಅಳಲಿಲ್ಲ, ಮರಳು ಕೊಡವಿಕೊಂಡು ಮತ್ತೆ ಮೆಟ್ಟಿಲಿಗೆ ಓಡಿದಳು.

ಮೈಸೂರಿನಲ್ಲಿ ಕಾರಂಜಿ ಕೆರೆಗೆ ಹೋದರೆ ಚಿಟ್ಟೆಗಳ ಉದ್ಯಾನವೂ ಉಂಟು. ಆದರೆ ಈ ಶಾಲೆಯ ಹೊಂಗೆ ಮರವನ್ನು ನೆಟ್ಟವರು ಮಕ್ಕಳನ್ನು ಬಲ್ಲವರು ಎಂದೇ ನನಗೆ ಅನ್ನಿಸುತ್ತಿದೆ.

ಮೇಲುಕೋಟೆ ಕಡೆಯಲ್ಲಿ ಇಂಥ ನೆರಳಿನ ಜಾಗ ಗೊತ್ತಿದ್ದರೆ ಹೇಳಿ. ಮುಂದಿನ ಭಾನುವಾರಕ್ಕೆ ಈಗಲೇ ಮಾತು ಕೊಟ್ಟಾಗಿದೆ.