‘ಹಾರ್ಮೋನ್ ಗುಳಿಗಿ ತಗೊಂಡ್ರ ಕ್ಯಾನ್ಸರ್ ಬರ್ತದೇನ್ರಿ ಅಕ್ಕಾರ?’

ಧಾರವಾಡದಲ್ಲಿ ಔಷಧ ಅಂಗಡಿ ನಡೆಸುವ ನನ್ನನ್ನು ಹೆಣ್ಣುಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಇದು. ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಡಾಕ್ಟರು ಈಸ್ಟ್ರೋಜನ್ ಎಂಬ ಹಾರ್ಮೋನ್ ಬರೆದುಕೊಟ್ಟಿರುತ್ತಾರೆ. ಚೀಟಿ ಕೈಯಲ್ಲಿರುತ್ತದೆ, ಮಾತ್ರೆ ಒಯ್ಯಲು ಧೈರ್ಯ ಇರುವುದಿಲ್ಲ. ಓಣಿಯಲ್ಲಿ ಯಾರೋ ಹೆದರಿಸಿರುತ್ತಾರೆ.

ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾನು ತಿರುಗಿ ಕೇಳುತ್ತೇನೆ: ವಯಸ್ಸೆಷ್ಟು? ಗರ್ಭಚೀಲ ಇದೆಯಾ, ತೆಗೆಸಿದ್ದೀರಾ? ತೆಗೆಸಿದ್ದರೆ ಅಂಡಾಶಯ ಇಟ್ಟಿದ್ದಾರಾ? ಉತ್ತರ ಬದಲಾಗುವುದು ಇಲ್ಲಿಯೇ.

ಈ ಹೆದರಿಕೆ ದೊಡ್ಡದಾಗಿದ್ದು 2002ರಲ್ಲಿ. ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಅಧ್ಯಯನ ನಡೆದಿತ್ತು. ಗರ್ಭಚೀಲ ಇದ್ದ 16,608 ಹೆಂಗಸರಲ್ಲಿ ಅರ್ಧ ಜನಕ್ಕೆ ಎರಡು ಹಾರ್ಮೋನ್ (ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಥರದ್ದು) ಸೇರಿದ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ತೊಂದರೆ ಜಾಸ್ತಿ ಕಂಡಿತು ಎಂದು ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರನ್ನು ತೆಗೆದುಕೊಂಡರೆ, ಹಾರ್ಮೋನ್ ಇಲ್ಲದವರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು, ತೆಗೆದುಕೊಂಡವರಲ್ಲಿ 38 ಮಂದಿಗೆ. ಪಾರ್ಶ್ವವಾಯು 8 ಜಾಸ್ತಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು 8 ಜಾಸ್ತಿ. ಸೊಂಟದ ಮೂಳೆ ಮುರಿದಿದ್ದು 5 ಕಡಿಮೆ.

30 ಇದ್ದದ್ದು 38 ಆಯಿತು ಎಂಬುದನ್ನು ‘ಶೇ. 26ರಷ್ಟು ಏರಿಕೆ’ ಅಂತಲೂ ಹೇಳಬಹುದು, ‘10,000ಕ್ಕೆ 8’ ಅಂತಲೂ ಹೇಳಬಹುದು. ಎರಡೂ ನಿಜ. ಜನರ ಕಿವಿಗೆ ಬಿದ್ದಿದ್ದು ಮೊದಲನೆಯದು. ಆ ಹೆಂಗಸರ ಸರಾಸರಿ ವಯಸ್ಸು 63 ಇತ್ತು ಅನ್ನುವುದು ಬೀಳಲೇ ಇಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ. ಆ ವಯಸ್ಸಿನ, ಬೇರೆ ಕಾಯಿಲೆ ಇಲ್ಲದ ಹೆಂಗಸಿಗೆ ಲೆಕ್ಕವೇ ಬೇರೆ. ವಯಸ್ಸು 60ರೊಳಗಿದ್ದು, ಮುಟ್ಟು ನಿಂತು 10 ವರ್ಷ ಆಗಿರದಿದ್ದರೆ, ತೊಂದರೆ ನಿಜವಾಗಿ ಕಾಡುತ್ತಿದ್ದರೆ, ಹೆಚ್ಚಿನವರಿಗೆ ಲಾಭವೇ ಜಾಸ್ತಿ ಎಂದು ಈಗ ತಜ್ಞರು ಹೇಳುತ್ತಾರೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ (ಎಲ್ಲಕ್ಕಿಂತ ಕಟುವಾದ) ಎಚ್ಚರಿಕೆಯಲ್ಲಿ ಬಹುಪಾಲು ತೆಗೆಸುವುದಾಗಿ ಹೇಳಿತು. ಹಾಗಂತ ಎಲ್ಲರೂ ನುಂಗಬೇಕು ಅಂತಲ್ಲ. ಎರಡು ಹಾರ್ಮೋನಿನ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡಷ್ಟೂ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ. ಅದನ್ನು ಯಾರಿಂದಲೂ ಮುಚ್ಚಿಡಬಾರದು.

ಎರಡು ಹಾರ್ಮೋನ್ ಯಾಕೆ ಬೇಕು? ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಚೀಲದ ಒಳಪದರ ಬೆಳೆಯುತ್ತಾ ಹೋಗಿ ಅಲ್ಲಿ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್. ಗರ್ಭಚೀಲ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಗರ್ಭಚೀಲ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಆಗಲಿಲ್ಲ, ಮುಂದಿನ ವರ್ಷಗಳಲ್ಲಿ ಕಡಿಮೆಯೇ ಕಂಡಿತು. ಪಾರ್ಶ್ವವಾಯು ಮಾತ್ರ ಅವರಲ್ಲೂ ಜಾಸ್ತಿಯಾಗಿತ್ತು.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ. ನವಲಗುಂದ, ಶಿರಹಟ್ಟಿ, ಹಾನಗಲ್ ಕಡೆಯಿಂದ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ನಲವತ್ತರೊಳಗೇ ಗರ್ಭಚೀಲದ ಆಪರೇಷನ್ ಆಗಿರುತ್ತದೆ. ಜಾಸ್ತಿ ರಕ್ತ ಹೋಗುತ್ತಿತ್ತು, ಬಿಳಿಮುಟ್ಟು ಇತ್ತು, ‘ಮಕ್ಕಳಾದ್ವಲ್ಲ, ಇನ್ಯಾಕ ಬೇಕು’ ಅಂದರು. ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ರಾತ್ರೋರಾತ್ರಿ ನಿಂತುಹೋಗುತ್ತದೆ. ಮೈಯೆಲ್ಲ ಝಳ, ಬೆವರು, ನಿದ್ದೆ ಇಲ್ಲ, ಸುಮ್ಸುಮ್ನೆ ಅಳು. ಕಣ್ಣಿಗೆ ಕಾಣದ್ದು ಇನ್ನೂ ದೊಡ್ಡದು: ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಇಂಥವರು ‘ತೊಗೊಳ್ಳೂದಿಲ್ರಿ’ ಅಂದಾಗ ನನಗೆ ಸಂಕಟವಾಗುತ್ತದೆ. 2002ರ ಲೆಕ್ಕ ಇವರಿಗೆ ಹೊಂದುವುದೇ ಇಲ್ಲ. ಅವರ ಮೈ ಇನ್ನೂ ಹತ್ತು ವರ್ಷ ತಾನೇ ಮಾಡಿಕೊಳ್ಳಬೇಕಿದ್ದ ಹಾರ್ಮೋನು ಅದು. ಕೊಡಬಾರದು ಅನ್ನಲು ಬೇರೆ ಕಾರಣ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕು ಎಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಾತು. ಯಾರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕೋ ಅವರಿಗೇ ಸಿಗುತ್ತಿಲ್ಲ.

ಇನ್ನೊಂದು ಮಾತು. ಸವದತ್ತಿ ಗುಡ್ಡಕ್ಕೆ ಹೋಗಬೇಕು, ಮನೆಯಲ್ಲಿ ಮದುವೆ ಇದೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆಯೇ ಕೇಳುತ್ತಾರೆ. ಅದೂ ಹಾರ್ಮೋನೇ. ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲೂ ಇದೆ. ಅದಕ್ಕಿಲ್ಲದ ಹೆದರಿಕೆ ಇದಕ್ಕೆ ಮಾತ್ರ ಯಾಕೆ?

ಈಸ್ಟ್ರೋಜನ್‌ಗೆ ಮಾತ್ರೆಯೇ ಬೇಕೆಂದೂ ಇಲ್ಲ. ಚರ್ಮಕ್ಕೆ ಹಚ್ಚುವ ಜೆಲ್ ಇದೆ. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಹಚ್ಚಿದ್ದು ನೇರ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಕಡಿಮೆ. ತೂಕ ಜಾಸ್ತಿ ಇರುವವರು, ಬಿಪಿ ಇರುವವರು ಇದರ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರು, ಯಕೃತ್ತಿನ ಕಾಯಿಲೆ ಇರುವವರು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಇವರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವುದಿಲ್ಲ. ಝಳಕ್ಕೆ ಹಾರ್ಮೋನ್ ಅಲ್ಲದ ಔಷಧಗಳೂ ಇವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತ ಮುಟ್ಟು ಬಂತು’ ಅಂದುಕೊಂಡು ಸುಮ್ಮನಿರಬೇಡಿ. ಅದಕ್ಕೆ ಕಾರಣ ಹುಡುಕಲೇಬೇಕು.

ಅಂಗಡಿಯಲ್ಲಿ ಗಂಡಸರು ಇಲ್ಲದಾಗ ಮಾತ್ರ ಹೇಳುವ ತೊಂದರೆ ಒಂದಿದೆ. ಒಳಗೆ ಒಣಗಿದಂತಾಗಿ ಉರಿ, ಗಂಡನ ಜೊತೆ ಇರಲು ನೋವು, ಪದೇ ಪದೇ ಉರಿಮೂತ್ರ. ಪ್ರತಿ ಸಲ ಆ್ಯಂಟಿಬಯೋಟಿಕ್ ನುಂಗಿ ಸಾಕಾಗಿರುತ್ತದೆ. ಇದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅರವತ್ತು ದಾಟಿದವರಿಗೂ ಡಾಕ್ಟರು ಬರೆಯುತ್ತಾರೆ. ಸಂಕೋಚ ಬೇಡ ತಾಯಿ, ಕೇಳಿ.

‘ಈ ವಯಸ್ಸಿನಾಗ ಹೆರಿಗಿ ಡಾಕ್ಟರ ಹತ್ರ ಏನ್ ಹೋಗೂದ್ರಿ’ ಅನ್ನುತ್ತಾರೆ. ಹೋಗಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆ, ಧಾರವಾಡ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆ, ಗದಗಿನ ಜಿಮ್ಸ್ — ಎಲ್ಲ ಕಡೆ ಸ್ತ್ರೀರೋಗ ವಿಭಾಗ ಇದೆ. ಬಿಪಿ, ಸಕ್ಕರೆ ನೋಡಿಸಿಕೊಳ್ಳಿ, ಸ್ತನದ ಪರೀಕ್ಷೆ ಮಾಡಿಸಿ. ಶುರು ಮಾಡಿದ ಮೇಲೆ ಬೇಕೋ ಬೇಡವೋ ಎಂದು ವರ್ಷಕ್ಕೊಮ್ಮೆ ಮತ್ತೆ ಕೇಳಿ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾಗದ ಮರೆಯದೆ ಒಯ್ಯಿರಿ. ಅಂಡಾಶಯ ಇಟ್ಟಿದ್ದಾರೋ ತೆಗೆದಿದ್ದಾರೋ ಎಂಬುದು ಅದರಲ್ಲಿ ಬರೆದಿರುತ್ತದೆ.