ಎಲೆ ಹಳದಿಯಾಗುವುದನ್ನು ನೋಡಲು ಗೋಬಿ ಮರುಭೂಮಿಗೆ ಏಕೆ ಹೋದೆ?

"ಎಲೆ ಉದುರುವುದನ್ನು ನೋಡಲು ಚೀನಾದವರೆಗೆ ಹೋಗಬೇಕಿತ್ತೇ?" ಗೋಬಿ ಮರುಭೂಮಿಯಲ್ಲಿರುವ, ಚೀನಾದ ಒಳ ಮಂಗೋಲಿಯಾ ಪ್ರಾಂತ್ಯದ ಎಜಿನಾಕ್ಕೆ ಹೋಗಿ ಬಂದಾಗಿನಿಂದ ಬಂಧುಗಳು, ಸಹೋದ್ಯೋಗಿಗಳು, ಒಮ್ಮೊಮ್ಮೆ ಪರಿಚಯವೇ ಇಲ್ಲದವರು ಕೂಡ ನನ್ನನ್ನು ಕೇಳುವ ಪ್ರಶ್ನೆ ಇದು. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಹೌದು, ಹೋಗಬೇಕಿತ್ತು.

ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು ಇದೇ ಪ್ರಶ್ನೆಯನ್ನು ಇನ್ನಷ್ಟು ಚುಚ್ಚುವಂತೆ ಕೇಳಿದರು: "ಮೊದಲು ಸವಣೂರಿನ ದೊಡ್ಡ ಹುಣಸೆ ಮರ ನೋಡಿದ್ದೀಯಾ?" ನೋಡಿದ್ದೇನೆ, ಅವುಗಳ ಬುಡವನ್ನು ಸುತ್ತಿ ಬಂದಿದ್ದೇನೆ. ದೂರದ ಮರವನ್ನು ನೋಡಲು ಹೋದವನಿಗೆ ಹತ್ತಿರದ ಮರದ ಬಗ್ಗೆ ಅಸಡ್ಡೆ ಇರಲೇಬೇಕೆಂಬ ಊಹೆ ನನಗೆ ಸಹಿಸಲಾಗದು. ಸವಣೂರಿನ ಆ ಮರಗಳೇ ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯವು. ಅಷ್ಟು ದೂರದಿಂದ ಬಂದ ಮರವನ್ನು ನಮ್ಮದೆಂದು ಅಭಿಮಾನದಿಂದ ತೋರಿಸುವವರು ಮರಕ್ಕಾಗಿ ದೂರ ಹೋದವನನ್ನು ಏಕೆ ತಡೆದು ನಿಲ್ಲಿಸಿ ವಿಚಾರಿಸಬೇಕು?

ಎಜಿನಾದಲ್ಲಿರುವುದು ಮರುಭೂಮಿಯ ಪಾಪ್ಲಾರ್, ಅಂದರೆ ಪಾಪ್ಯುಲಸ್ ಯೂಫ್ರಾಟಿಕಾ. ಜಿಯುಚುವಾನ್ ಕಡೆಯಿಂದ ಉತ್ತರಕ್ಕೆ ಹೊರಟರೆ ಗಂಟೆಗಟ್ಟಲೆ ಕಪ್ಪು ಜಲ್ಲಿಯ ಬಯಲು, ಅಲ್ಲಲ್ಲಿ ಮುಳ್ಳಿನ ಪೊದೆ, ಎಲ್ಲಿಯೂ ನೆರಳಿಲ್ಲದ ನೆಲ. ಅದರ ಕೊನೆಯಲ್ಲಿ ನದಿಯ ಕವಲುಗಳ ಗುಂಟ ಈ ಮರಗಳು ಸಾಲುಗಟ್ಟಿ ನಿಂತಿರುತ್ತವೆ. ಎಳೆಯ ಕೊಂಬೆಗಳಲ್ಲಿ ವಿಲೋ ಮರದಂತೆ ನೀಳವಾದ ಎಲೆ, ಬಲಿತ ಕೊಂಬೆಗಳಲ್ಲಿ ಅಗಲವಾದ, ಹಲ್ಲಂಚಿನ ಎಲೆ: ಎರಡೂ ಒಂದೇ ಮರದ ಮೇಲೆ ಇರುತ್ತವೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ರಾತ್ರಿಯ ಚಳಿ ಏರಿದಂತೆ ಪತ್ರಹರಿತ್ತು ಕರಗಿ, ಎಲೆಯೊಳಗೆ ಮೊದಲೇ ಇದ್ದ ಹಳದಿ ಮೇಲೆ ಬರುತ್ತದೆ.

"ಅವಕ್ಕೆ ಮೂರು ಸಾವಿರ ವರ್ಷವಂತೆ?" ಎಂಬುದು ಎರಡನೆಯ ಪ್ರಶ್ನೆ. ಬದುಕಿ ಸಾವಿರ ವರ್ಷ, ಸತ್ತು ನಿಂತು ಸಾವಿರ ವರ್ಷ, ಬಿದ್ದು ಕೊಳೆಯದೆ ಸಾವಿರ ವರ್ಷ ಎಂಬ ಮಾತು ಚೀನಾದಲ್ಲಿ ಈ ಮರದ ಬಗ್ಗೆ ಪ್ರಚಲಿತವಾಗಿದೆ. ಅದು ಪ್ರೀತಿಯ ಅತಿಶಯೋಕ್ತಿ. ಸಾಮಾನ್ಯವಾಗಿ ಈ ಮರಗಳ ಆಯುಸ್ಸು ಒಂದೆರಡು ಶತಮಾನ. ಎಜಿನಾದ ಮುಖ್ಯ ಪಟ್ಟಣವಾದ ದಲೈನ್ ಹೊಬ್‌ನ ಹತ್ತಿರ ಎಂಟುನೂರು ವರ್ಷ ದಾಟಿದ್ದೆಂದು ಹೇಳಲಾಗುವ ದೇವಮರವೊಂದಿದ್ದು, ಮಂಗೋಲರು ಅದಕ್ಕೆ ರೇಷ್ಮೆಯ ಪಟ್ಟಿಗಳನ್ನು ಕಟ್ಟಿ ನಮಿಸುತ್ತಾರೆ.

ವಯಸ್ಸು, ಬಣ್ಣ, ಖರ್ಚು, ಊಟ ಎಲ್ಲವನ್ನೂ ಕೇಳುವ ಜನ ಒಂದನ್ನು ಮಾತ್ರ ಕೇಳುವುದಿಲ್ಲ: ಮಳೆಯೇ ಇಲ್ಲದ ಆ ನೆಲದಲ್ಲಿ ಮರಗಳಿಗೆ ನೀರು ಎಲ್ಲಿಂದ ಬರುತ್ತದೆ? ಕಾವೇರಿಯ ಹೆಸರು ಕೇಳಿದರೆ ಕಿವಿ ನೆಟ್ಟಗಾಗುವ ನಾವು ಮೊದಲು ಕೇಳಬೇಕಾದದ್ದು ಇದನ್ನೇ.

ನೀರು ಬರುವುದು ಚಿಲಿಯಾನ್ ಪರ್ವತಗಳಲ್ಲಿ ಹುಟ್ಟಿ ಸುಮಾರು 820 ಕಿಲೋಮೀಟರ್ ಹರಿಯುವ ಹೆಯ್‌ಹೆ ನದಿಯಿಂದ. ನಡುವೆ ಝಾಂಗ್‌ಯೆಯ ಹೊಲಗಳಿವೆ, ಅಲ್ಲಿನ ಕಾಲುವೆಗಳು ಹೆಚ್ಚಿದಂತೆಲ್ಲ ಕೆಳಗಿನ ನೀರು ಕುಗ್ಗಿತು. ನದಿ ಕೊನೆಗೊಳ್ಳುವ ಎರಡು ಜುಯಾನ್ ಸರೋವರಗಳಲ್ಲಿ ಪಶ್ಚಿಮದ್ದು 1961ರಲ್ಲಿ, ಪೂರ್ವದ್ದು 1992ರಲ್ಲಿ ಬತ್ತಿಹೋದವು. ಈ ಮರದ ಬೀಜ ಕೆಲವೇ ವಾರ ಜೀವ ಹಿಡಿದಿರುತ್ತದೆ, ಮೊಳೆಯಲು ನೆರೆ ಇಳಿದು ಹೋದ ಹಸಿ ಮೆಕ್ಕಲು ಬೇಕು. ನೆರೆ ಬಾರದಿದ್ದರೆ ಬೇರಿನಿಂದ ಚಿಗುರಿದ ಸಸಿಗಳೇ ಗತಿ, ಅಂತರ್ಜಲ ಕೈಗೆಟುಕದಷ್ಟು ಇಳಿದರೆ ಅವೂ ಇಲ್ಲ. ದಲೈನ್ ಹೊಬ್ ಪಟ್ಟಣದ ದಕ್ಷಿಣಕ್ಕೆ, ಟಾಂಗುಟ್ ಜನರ ಪಾಳುನಗರವಾದ ಖಾರಾ ಖೋಟೊದ ಹಾದಿಯಲ್ಲಿ, ಹೀಗೆ ನೀರು ಕೈಬಿಟ್ಟ ಮರಗಳ ಒಂದು ಕಾಡೇ ಸತ್ತು ನಿಂತಿದೆ. ಪ್ರವಾಸಿಗಳು ಅಲ್ಲಿ ಸಂಜೆಯ ಫೋಟೋಗೆ ಸಾಲುಗಟ್ಟುತ್ತಾರೆ. ಅದನ್ನು ಬರೀ ಚಂದವೆಂದು ನೋಡಿ ಬರಲು ನನ್ನಿಂದಾಗಲಿಲ್ಲ.

1997ರ ಹಂಚಿಕೆ ಸೂತ್ರದ ಪ್ರಕಾರ, ಸರಾಸರಿ ವರ್ಷವೊಂದರಲ್ಲಿ ಬೆಟ್ಟದಿಂದ ಯಿಂಗ್ಲುವೊ ಕಣಿವೆಗೆ 158 ಕೋಟಿ ಘನ ಮೀಟರ್ ಬಂದರೆ, ಝಾಂಗ್‌ಯೆ ದಾಟಿದ ಮೇಲೆ ಝೆಂಗ್ಯಿ ಕಣಿವೆಯಲ್ಲಿ 95 ಕೋಟಿ ಘನ ಮೀಟರ್ ಕೆಳಕ್ಕೆ ಹೋಗಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 56 ಟಿಎಂಸಿಯಲ್ಲಿ 33 ಟಿಎಂಸಿಗೂ ಹೆಚ್ಚು. 2000ದಿಂದ ಇದನ್ನು ಬಿಗಿಯಾಗಿ ಜಾರಿಗೆ ತಂದರು. ನಿಗದಿತ ದಿನಗಳಲ್ಲಿ ಝಾಂಗ್‌ಯೆಯ ಕಾಲುವೆಗಳ ಬಾಯಿ ಮುಚ್ಚಿ ನದಿಯನ್ನು ಪೂರ್ತಿಯಾಗಿ ಕೆಳಗೆ ಬಿಡುತ್ತಾರೆ. 2002ರಲ್ಲಿ ನೀರು ಮತ್ತೆ ಪೂರ್ವದ ಸರೋವರವನ್ನು ಮುಟ್ಟಿತು.

ಹಾಗೆ ಕಾಲುವೆ ಮುಚ್ಚಿದಾಗ ಝಾಂಗ್‌ಯೆಯ ರೈತರು ಕೊಳವೆಬಾವಿಗಳತ್ತ ತಿರುಗಿದರು, ಕೆಲವೆಡೆ ಅಲ್ಲಿನ ಅಂತರ್ಜಲ ಇಳಿಯಿತು. ಎಜಿನಾದ ಹಳದಿ ಎಲೆಗೆ ಬೆಲೆ ತೆತ್ತವರು ಅವರೂ ಹೌದು. ಈ ಮಾತಿಗೆ ಬಂದಾಗ ಕೇಳುವವರ ಗಮನ ಬೇರೆಡೆ ಹೊರಳುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವ ಸಂಗತಿ.

ಇಷ್ಟೆಲ್ಲ ಓದಿಯೂ ಹೋಗಬೇಕೆನಿಸಿದರೆ ಹೋಗಿ. ಅದು ಮಂಗೋಲಿಯಾದ ಗಡಿ ಪ್ರದೇಶ, ಆದ್ದರಿಂದ ವಿದೇಶಿಯರಿಗಿರುವ ನಿಯಮಗಳನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆ. ಆಗ ಕಾಡಿನಲ್ಲಿ ಮರಗಳಿಗಿಂತ ಜನರೇ ಹೆಚ್ಚು ಕಾಣುತ್ತಾರೆ. ಹೆದ್ದಾರಿ ಹಿಡಿದು ನೇರವಾಗಿ ಎಜಿನಾಕ್ಕೆ ಬರುವ ಬದಲು ಝಾಂಗ್‌ಯೆಯಲ್ಲಿ ಇಳಿದು, ಕಾಲುವೆಗಳನ್ನೂ ಮೆಕ್ಕೆಜೋಳದ ಹೊಲಗಳನ್ನೂ ನೋಡಿ, ನದಿಯ ಜೊತೆಗೇ ಉತ್ತರಕ್ಕೆ ಬನ್ನಿ.